ಆರು ಕಿಲೋ ಮತ್ತು ಎಡಕ್ಕೆ ತಿರುಗದ ಕಾರ್ಟ್

ನಮ್ಮ ಕಟ್ಟಡದಲ್ಲಿ ಹದಿನಾರು ಮನೆಗಳಿವೆ. ಈ ಕಥೆ ನಡೆದ ಕಾಲಕ್ಕೆ ಆ ಹದಿನಾರು ಮನೆಗಳಲ್ಲಿ ಹನ್ನೊಂದು ಜನ ತಲಾ ಆರು ಕಿಲೋ ತೂಕ ಇಳಿಸಿದ್ದರು. ಅವರಲ್ಲಿ ನಾನೂ ಒಬ್ಬ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ನಾನು ಬೇರೆಯವರನ್ನು ನೋಡಿ ನಗುವ ಸಂದರ್ಭಗಳು ಬರುತ್ತವೆ. ಆಗ ನನ್ನನ್ನೂ ಅದೇ ಗುಂಪಿಗೆ ಸೇರಿಸಿಕೊಂಡು ಓದಬೇಕು.

ನಾನು ಅಚ್ಚುಕೂಟವೊಂದರಲ್ಲಿ ಮೂವತ್ತನಾಲ್ಕು ವರ್ಷ ಕರಡು ತಿದ್ದಿ ನಿವೃತ್ತನಾದವನು. ನೆಲಮಹಡಿಯ ಮನೆ. ಕಿಟಕಿ ತೆರೆದರೆ ಅಂಗಳ. ಅಂಗಳದಲ್ಲಿ ಏನು ನಡೆದರೂ ಅದು ನನ್ನ ಕಣ್ಣಿಗೆ ಬಿದ್ದೇ ನಡೆಯಬೇಕು.

ಕಥಾನಾಯಕ ಎರಡನೇ ಮಹಡಿಯವನು. ತೂಕ ಮತ್ತು ಅಳತೆಯ ಕಚೇರಿಯಲ್ಲಿ ಗುಮಾಸ್ತ. ಕಟ್ಟಡದವರೆಲ್ಲ ಅವನನ್ನು ತಕ್ಕಡಿ ಎಂದೇ ಕರೆಯುತ್ತೇವೆ, ಅವನಿಗೂ ಅದರಲ್ಲಿ ಹೆಮ್ಮೆ. ಊರಿನ ಅಂಗಡಿ, ಗೋದಾಮುಗಳ ತೂಕದ ಯಂತ್ರಗಳಿಗೆಲ್ಲ ಇಪ್ಪತ್ತೆರಡು ವರ್ಷಗಳಿಂದ ಅವನ ಮೇಜಿನಿಂದಲೇ ಸೀಲಿನ ಚೀಟಿ ಹೋಗುತ್ತಿತ್ತು. ನಿಯಮದ ಪ್ರಕಾರ ಯಂತ್ರವಿದ್ದಲ್ಲಿಗೆ ಹೋಗಿ, ಅದರ ಮೇಲೆ ತೂಕದ ಬಟ್ಟುಗಳನ್ನಿಟ್ಟು ನೋಡಿ, ಸರಿಯಿದ್ದರೆ ಚೀಟಿ ಅಂಟಿಸಿ ಬರಬೇಕು. ತಕ್ಕಡಿಯ ಪದ್ಧತಿ ಬೇರೆ. ಅವನು ಅರ್ಜಿಯ ಅಕ್ಷರ ನೋಡುತ್ತಿದ್ದ. ಅಕ್ಷರ ದುಂಡಗಿದ್ದರೆ ಮನುಷ್ಯ ಮೋಸಗಾರನಲ್ಲ ಎಂಬುದು ಅವನ ನಂಬಿಕೆ. ಚೀಟಿ ಲಕೋಟೆಯಲ್ಲಿ ಹೋಗುತ್ತಿತ್ತು. ಇದರಲ್ಲಿ ಲಂಚಗಿಂಚ ಏನೂ ಇರಲಿಲ್ಲ. ಬಿಸಿಲಿನಲ್ಲಿ ಹೋಗುವುದು ಅವನಿಗೆ ಆಗುತ್ತಿರಲಿಲ್ಲ, ಅಷ್ಟೇ.

ಅವನ ಎದುರು ಮನೆಯಲ್ಲಿ ಅವನ ಅಕ್ಕ ಇದ್ದಾಳೆ. ಐವತ್ತೊಂದು ವರ್ಷ. ಹತ್ತೊಂಬತ್ತು ವರ್ಷಗಳಿಂದ ಶಾಲೆಯ ವ್ಯಾನು ಓಡಿಸುತ್ತಿದ್ದಳು. ವಾರವಿಡೀ ಗಂಟೆಗೆ ನಲವತ್ತು ದಾಟದ ಈ ಹೆಂಗಸು ಭಾನುವಾರ ಬಂತೆಂದರೆ ಊರಾಚೆಯ ಟ್ರ್ಯಾಕಿಗೆ ಹೋಗಿ ಕಾರ್ಟ್ ಓಡಿಸುತ್ತಾಳೆ. ಕಾರ್ಟ್ ಎಂದರೆ ಛಾವಣಿ, ಬಾಗಿಲು, ಸ್ಪ್ರಿಂಗು ಏನೂ ಇಲ್ಲದ, ನೆಲದಿಂದ ನಾಲ್ಕು ಬೆರಳು ಮೇಲೆ ಕೂತು ಓಡಿಸುವ ಪುಟ್ಟ ಬಂಡಿ. ಅದು ನಮ್ಮ ಅಂಗಳದ ಮೂಲೆಯಲ್ಲಿ, ಸ್ಕೂಟರುಗಳ ಪಕ್ಕ, ಹೊದಿಕೆ ಹೊದ್ದು ನಿಂತಿರುತ್ತದೆ.

ಆ ವಾರ ಅಕ್ಕನಿಗೆ ದೊಡ್ಡ ವಾರ. ಹಿರಿಯರ ವರ್ಗದ ಕೊನೆಯ ಪಂದ್ಯ ಭಾನುವಾರಕ್ಕಿತ್ತು. ಟ್ರ್ಯಾಕಿನ ಯಜಮಾನರಿಗೆ ಮಕ್ಕಳಿಗೆ ಕಾರ್ಟ್ ಕಲಿಸಲು ಒಬ್ಬರು ಬೇಕಾಗಿದ್ದರು. ಮೊದಲ ಮೂವರೊಳಗೆ ಬಂದರೆ ಆ ಕೆಲಸ ನಿಮಗೆ, ಇಲ್ಲದಿದ್ದರೆ ಇನ್ನೊಬ್ಬರಿಗೆ ಎಂದು ಅವರು ಅಕ್ಕನಿಗೆ ನೇರವಾಗಿ ಹೇಳಿದ್ದರು.

"ಹತ್ತೊಂಬತ್ತು ವರ್ಷ ಮಕ್ಕಳನ್ನ ನಿಧಾನವಾಗಿ ಕರ್ಕೊಂಡು ಹೋದೆ. ಇನ್ನು ಸ್ವಲ್ಪ ಜೋರಾಗಿ ಕರ್ಕೊಂಡು ಹೋಗೋಣ ಅಂತ," ಎಂದು ಅಕ್ಕ ನನಗೆ ಹೇಳಿದಳು. ನಗುತ್ತಲೇ ಹೇಳಿದಳು, ಆದರೆ ಆ ಕೆಲಸದ ಮೇಲೆ ಅವಳಿಗೆ ಎಷ್ಟು ಆಸೆಯಿದೆ ಎಂದು ನನಗೆ ಗೊತ್ತಿತ್ತು.

ಬುಧವಾರ ಎರಡು ತೊಂದರೆಗಳು ಒಟ್ಟಿಗೆ ಬಂದವು. ತಿರುವುಗಳಲ್ಲಿ ಕಾರ್ಟಿನ ಮುಂದಿನ ಚಕ್ರ ಸ್ವಲ್ಪ ಜಾರುತ್ತಿದೆ ಎಂದು ಅಕ್ಕನಿಗೆ ಅನ್ನಿಸಿತು. ಅದನ್ನು ಸರಿಮಾಡಬೇಕಾದ ಮೆಕ್ಯಾನಿಕ್ ಏಣಿಯಿಂದ ಬಿದ್ದು ಕೈ ಉಳುಕಿಸಿಕೊಂಡ. ಅವನು ಫೋನಿನಲ್ಲಿ ಹೇಳಿದ್ದು ಇಷ್ಟು:

"ಮೊದಲು ತೂಕ ನೋಡಿ ಅಕ್ಕಾ. ನಾಲ್ಕು ಚಕ್ರದ ಕೆಳಗೆ ನಾಲ್ಕು ತೂಕದ ಯಂತ್ರ ಇಟ್ಟು ನೀವು ಕೂತ್ಕೊಳ್ಳಿ. ಮನೇಲಿ ಹತ್ತಿ ನೋಡೋ ಯಂತ್ರ ಆದ್ರೂ ಪರವಾಗಿಲ್ಲ. ಹಿಂದಿನ ಎರಡು ಸಮ ಇರ್ಬೇಕು, ಮುಂದಿನ ಎರಡು ಸಮ ಇರ್ಬೇಕು. ಏನೇ ಮಾಡಿದ್ರೂ ಒಂದ್ಸಲಕ್ಕೆ ಒಂದೇ ಬದಲಾಯಿಸಿ, ಬರೆದಿಡಿ."

ತೂಕ ಎಂಬ ಮಾತು ತಕ್ಕಡಿಯ ಕಿವಿಗೆ ಬಿತ್ತು. ಅಕ್ಕನ ಕೈಯಿಂದ ಫೋನು ತೆಗೆದುಕೊಂಡು ಅವನು ಗಂಟಲು ಸರಿಮಾಡಿಕೊಂಡ.

"ತೂಕದ ವಿಷಯ ನನಗೆ ಬಿಡಪ್ಪ. ಇಪ್ಪತ್ತೆರಡು ವರ್ಷದಿಂದ ಇದನ್ನೇ ಮಾಡ್ತಿರೋದು."

ಅವನ ಹೆಂಡತಿ ಬಾಗಿಲಲ್ಲಿ ನಿಂತು ಒಂದು ಸಲ ಅವನನ್ನು, ಒಂದು ಸಲ ನಾದಿನಿಯನ್ನು ನೋಡಿ ಒಳಗೆ ಹೋದಳಂತೆ. ಅವಳು ಹೆಚ್ಚು ಮಾತಿನವಳಲ್ಲ.

ಗುರುವಾರ ಸಂಜೆ ಅಂಗಳದಲ್ಲಿ ನಾಲ್ಕು ಯಂತ್ರಗಳು ಸೇರಿದವು. ಒಂದು ತಕ್ಕಡಿಯ ಮನೆಯದು, ಒಂದು ನನ್ನದು, ಒಂದು ಕಟ್ಟಡದ ಸಂಘದ ಕಾರ್ಯದರ್ಶಿಗಳದು. ನಾಲ್ಕನೆಯದು ಮೂರನೇ ಮಹಡಿಯ ತೂಕದ ಟೀಚರದು. ಈ ಟೀಚರು ಸೋಮವಾರ ಸೋಮವಾರ ತಾರಸಿಯ ಮೇಲೆ ತೂಕ ಇಳಿಸುವ ಕ್ಲಾಸು ನಡೆಸುತ್ತಾರೆ. ಮೊದಲು ಉಸಿರಾಟ, ಆಮೇಲೆ ಕೈಕಾಲು ಬೀಸುವುದು, ಕೊನೆಗೆ ಒಬ್ಬೊಬ್ಬರಾಗಿ ಯಂತ್ರ ಹತ್ತುವುದು. ಹನ್ನೆರಡು ವಾರ, ವಾರಕ್ಕೆ ಸರಿಯಾಗಿ ಅರ್ಧ ಕಿಲೋದಂತೆ ಹನ್ನೊಂದೂ ಜನ ಇಳಿದಿದ್ದೆವು. ಯಾರೂ ಕಾಲು ಕಿಲೋ ಇಳಿಯಲಿಲ್ಲ, ಯಾರೂ ಮುಕ್ಕಾಲು ಇಳಿಯಲಿಲ್ಲ. ಶಿಸ್ತಿಗೆ ಇಂಥ ಫಲ ಸಿಗುತ್ತದೆ ಎಂದು ಕಾರ್ಯದರ್ಶಿಗಳು ಸಂಘದ ಸಭೆಯಲ್ಲಿ ಭಾಷಣ ಮಾಡಿದ್ದರು. ಅದೇ ಹುರುಪಿನಲ್ಲಿ ತಮ್ಮ ಹಳೆಯ ಪ್ಯಾಂಟುಗಳನ್ನೆಲ್ಲ ದಾನ ಮಾಡಿ ಹೊಸದು ಹೊಲಿಸಿಕೊಂಡಿದ್ದರು. ನಾನೂ ಎರಡು ಹೊಲಿಸಿದ್ದೆ. ಹೊಸ ಪ್ಯಾಂಟು ಸೊಂಟದಲ್ಲಿ ಹಿಡಿಯುತ್ತಿತ್ತು. ಕಟ್ಟಡದ ಹನ್ನೊಂದು ಜನರೂ ಆ ದರ್ಜಿಗೆ ಅಳತೆ ತೆಗೆಯಲು ಬರುವುದಿಲ್ಲ ಎಂದು ತೀರ್ಮಾನಿಸಿದ್ದೆವು.

ಟೀಚರ ಯಂತ್ರಕ್ಕೆ ಗಡಿಯಾರದಂಥ ಮುಖ, ಒಳಗೆ ಕೆಂಪು ಮುಳ್ಳು. ಗಾಜಿನ ಮೇಲೆ ತಕ್ಕಡಿಯ ಕಚೇರಿಯ ಸೀಲಿನ ಚೀಟಿ ಹೊಳೆಯುತ್ತಿತ್ತು. ಮೂರು ತಿಂಗಳ ಹಿಂದೆ ಮೆಟ್ಟಿಲಲ್ಲಿ ಸಿಕ್ಕಾಗ ಟೀಚರು ಕೇಳಿದ್ದರು, ಇವನು ಜೇಬಿನಿಂದಲೇ ಚೀಟಿ ತೆಗೆದು ಕೊಟ್ಟಿದ್ದ.

"ಇಲ್ಲೇ ಅಂಟಿಸಿ, ಎಲ್ರಿಗೂ ಕಾಣ್ಲಿ," ಎಂದು ಟೀಚರು ಗಾಜಿನ ಮೇಲೆ ಜಾಗವನ್ನೂ ತೋರಿಸಿದ್ದರು. ಅದು ಸೊನ್ನೆ ಇರುವ ಜಾಗ. ಸೊನ್ನೆಯಲ್ಲಿ ಏನಿದೆ ನೋಡುವುದಕ್ಕೆ ಎಂದು ಅವನು ಅಲ್ಲಿಯೇ ಅಂಟಿಸಿದ್ದ.

ನಾಲ್ಕು ಯಂತ್ರಗಳ ಮೇಲೆ ಕಾರ್ಟನ್ನು ಎತ್ತಿಟ್ಟೆವು. ಅಕ್ಕ ಹೆಲ್ಮೆಟ್ಟು, ಕೈಗವಸು, ಬೂಟು ಎಲ್ಲ ಹಾಕಿಕೊಂಡು ಕೂತಳು. ತಕ್ಕಡಿ ಮಂಡಿಯೂರಿ ಒಂದೊಂದೇ ಓದಿದ, ಕಾರ್ಯದರ್ಶಿಗಳು ಬರೆದುಕೊಂಡರು. ಮುಂದೆ ಎಡಕ್ಕೆ ಮೂವತ್ತೇಳು, ಬಲಕ್ಕೆ ಮೂವತ್ತೇಳು. ಹಿಂದೆ ಬಲಕ್ಕೆ ಐವತ್ತೊಂದು. ಹಿಂದೆ ಎಡಕ್ಕೆ ನಲವತ್ತೈದು. ಎಡ ಹಿಂಚಕ್ರದ ಕೆಳಗೆ ಇದ್ದದ್ದು ಟೀಚರ ಯಂತ್ರ.

"ಹಿಂದೆ ಎಡಗಡೆ ಆರು ಕಿಲೋ ಕಮ್ಮಿ," ಎಂದ ತಕ್ಕಡಿ, ವೈದ್ಯರು ಕಾಯಿಲೆಯ ಹೆಸರು ಹೇಳುವ ಹಾಗೆ. "ಒಟ್ಟು ನೂರಾ ಎಪ್ಪತ್ತು. ಪಂದ್ಯದಲ್ಲಿ ಎಷ್ಟಿರ್ಬೇಕು ಅಕ್ಕಾ?"

"ಪಂದ್ಯ ಮುಗಿದ ಮೇಲೆ ಬಂಡಿ, ನಾನು ಸೇರಿ ನೂರಾ ಎಪ್ಪತ್ತೈದು. ಅದಕ್ಕಿಂತ ಕಮ್ಮಿ ಇದ್ರೆ ಹೊರಗೆ," ಎಂದಳು ಅಕ್ಕ. ಹೆಲ್ಮೆಟ್ಟಿನೊಳಗಿಂದ ಅವಳ ಹುಬ್ಬು ಮೇಲೇರಿದ್ದು ಕಾಣಿಸಿತು. "ಆದ್ರೆ ಹೋದ ತಿಂಗಳು ಸರಿಯಾಗೇ ಇತ್ತಲ್ಲೋ. ಈ ಯಂತ್ರಗಳನ್ನ ಒಂದ್ಸಲ ನೋಡ್ಕೊಳ್ಳೋಣ್ವಾ?"

ತಕ್ಕಡಿಗೆ ನೋವಾಯಿತು.

"ಬೇರೆ ಮೂರು ಬೇಕಾದ್ರೆ ಅನುಮಾನ ಪಡು. ಇದನ್ನ ಅಲ್ಲ. ಇದಕ್ಕೆ ನಮ್ಮ ಕಚೇರಿ ಸೀಲಿದೆ. ಸೀಲ್ ಸುಳ್ಳು ಹೇಳುತ್ತಾ?"

ಟೀಚರು ತಲೆಯಾಡಿಸಿದರು. ಕಾರ್ಯದರ್ಶಿಗಳೂ ತಲೆಯಾಡಿಸಿದರು, ಅವರ ಆರು ಕಿಲೋವೂ ಅದೇ ಯಂತ್ರದಲ್ಲಿತ್ತು. ನನ್ನ ತಲೆಯೂ ಸುಮ್ಮನಿರಲಿಲ್ಲ.

ಹಾಗೆ ಒಂದೇ ಕಲ್ಲಿಗೆ ಎರಡು ಹಕ್ಕಿ ಬೀಳುವ ಉಪಾಯ ತಕ್ಕಡಿಗೆ ಹೊಳೆಯಿತು. ಸೀಟಿನ ಹಿಂದೆ ಎಡಗಡೆಗೆ ಆರು ಕಿಲೋ ಭಾರ ಕಟ್ಟಿದರೆ ಚಕ್ರಗಳೂ ಸಮ, ಒಟ್ಟು ತೂಕವೂ ನೂರಾ ಎಪ್ಪತ್ತಾರು. ಕಾರ್ಟಿನವರು ಹೀಗೆ ಸೀಸ ಕಟ್ಟುವುದುಂಟು. ಸೀಸ ಎಲ್ಲಿ ಹುಡುಕುವುದು? ಅವನ ಕಚೇರಿಯ ಬೀರುವಿನಲ್ಲಿ ಎರಡೆರಡು ಕಿಲೋದ ಬಟ್ಟುಗಳಿದ್ದವು, ತಲೆಗೆ ಉಂಗುರವಿರುವ ಅಪ್ಪಟ ಸರಕಾರಿ ಬಟ್ಟುಗಳು. ಬೇರೆಲ್ಲ ತೂಕಗಳನ್ನು ಅವುಗಳ ಎದುರು ಇಟ್ಟು ನೋಡಬೇಕೆಂದು ಮಾಡಿಸಿದವು.

ಶುಕ್ರವಾರ ಅವನು ಬೇಡಿಕೆಯ ಕಾಗದ ಬರೆದು ಬೇರೆ ನಲವತ್ತು ಕಾಗದಗಳ ನಡುವೆ ಸಾಹೇಬರ ಮುಂದಿಟ್ಟ. ಸಾಹೇಬರು ಫೋನಿನಲ್ಲಿ ಮಾತಾಡುತ್ತಲೇ ನಲವತ್ತೊಂದಕ್ಕೂ ಸಹಿ ಹಾಕಿದರು. ಅಲ್ಲಿಗೆ ಬಿಟ್ಟಿದ್ದರೆ ಕಥೆ ಬೇರೆಯಾಗುತ್ತಿತ್ತು. ತಕ್ಕಡಿ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಕಾರ್ಟಿನ ನಾಲ್ಕು ಚಕ್ರಗಳ ತೂಕದ ವಿಷಯವಾಗಿ ಇಡೀ ಕಚೇರಿಗೆ ಪಾಠ ಮಾಡಿದ. ಸಾಹೇಬರಿಗೆ ಆಸಕ್ತಿ ಹುಟ್ಟಿತು.

"ನಮ್ಮ ಇಲಾಖೆಯವರು ಇಷ್ಟೆಲ್ಲ ತಿಳ್ಕೊಂಡಿದ್ದೀರಿ ಅಂದ್ರೆ ಸಂತೋಷ. ಭಾನುವಾರ ನಾನೂ ಬರ್ತೀನಿ," ಎಂದರು.

ಶನಿವಾರ ಬೆಳಿಗ್ಗೆ ಅಭ್ಯಾಸಕ್ಕೆ ಹೋದೆವು. ಅಕ್ಕನ ಜೊತೆ ತಕ್ಕಡಿ, ಕಾರ್ಯದರ್ಶಿಗಳು, ಟೀಚರು, ನಾನು. ವ್ಯಾನು ಇತ್ತು, ರಜೆ ಇತ್ತು, ಹೋಗದಿರಲು ಕಾರಣ ಇರಲಿಲ್ಲ. ಸೀಟಿನ ಹಿಂದೆ ಎಡಕ್ಕೆ ಮೂರು ಬಟ್ಟುಗಳು ಉಂಗುರದಲ್ಲಿ ಬೋಲ್ಟು ತೂರಿಸಿಕೊಂಡು ಸಾಲಾಗಿ ಕೂತಿದ್ದವು.

ಅಕ್ಕ ಮೊದಲ ಬಲ ತಿರುವನ್ನು ಸಲೀಸಾಗಿ ತೆಗೆದುಕೊಂಡಳು. ತಕ್ಕಡಿ ನಮ್ಮೆಲ್ಲರ ಮುಖ ನೋಡಿದ. ಎಡ ತಿರುವು ಬಂತು. ಅಕ್ಕ ಸ್ಟೀರಿಂಗ್ ತಿರುಗಿಸಿದಳು, ಕಾರ್ಟ್ ತಿರುಗಲಿಲ್ಲ. ಅದು ನೆಟ್ಟಗೆ ಹುಲ್ಲಿನೊಳಗೆ ಹೋಗಿ ನಿಂತಿತು.

ಅಕ್ಕ ಹೆಲ್ಮೆಟ್ಟು ತೆಗೆದು ವಿವರಿಸಿದಳು. ಕಾರ್ಟಿನ ಹಿಂದಿನ ಎರಡೂ ಚಕ್ರಗಳು ಒಂದೇ ಸರಳಿಗೆ ಬಿಗಿದಿರುತ್ತವೆ, ಒಂದು ಎಷ್ಟು ಸುತ್ತಿದರೆ ಇನ್ನೊಂದೂ ಅಷ್ಟೇ ಸುತ್ತಬೇಕು. ಆದ್ದರಿಂದ ತಿರುವಿನಲ್ಲಿ ಒಳಬದಿಯ ಹಿಂಚಕ್ರ ನೆಲದಿಂದ ಕೂದಲೆಳೆಯಷ್ಟು ಎದ್ದರೆ ಮಾತ್ರ ಬಂಡಿ ತಿರುಗುತ್ತದೆ.

"ಎಡಕ್ಕೆ ತಿರುಗೋವಾಗ ಎಡಗಡೆ ಚಕ್ರ ಏಳ್ತಾನೇ ಇಲ್ಲ. ಯಾರೋ ಹಿಡ್ಕೊಂಡು ಕೂತ ಹಾಗಿದೆ," ಎಂದಳು.

ಯಾರು ಹಿಡಿದುಕೊಂಡು ಕೂತಿದ್ದರು ಎಂದು ಈಗ ನಮಗೆಲ್ಲ ಗೊತ್ತು. ಆಗ ತಕ್ಕಡಿಗೆ ಗೊತ್ತಾಗಲಿಲ್ಲ, ಏಕೆಂದರೆ ತೂಕ ಸರಿಯಾಗಿದೆ ಎಂಬುದಕ್ಕೆ ಸೀಲು ಇತ್ತು. ತೂಕ ಸರಿಯಿದ್ದ ಮೇಲೆ ತಪ್ಪು ಬೇರೆ ಎಲ್ಲೋ ಇರಬೇಕು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಕುಣಿಯಬಲ್ಲವಳೇ ಇದ್ದಳು, ನೆಲವೂ ನೆಟ್ಟಗಿತ್ತು. ಡೊಂಕು ಮಾಡಿದವನು ಸ್ಪ್ಯಾನರ್ ಹಿಡಿದು ಪಕ್ಕದಲ್ಲೇ ನಿಂತಿದ್ದ.

"ಟೈರಲ್ಲಿ ಗಾಳಿ ಜಾಸ್ತಿ ಅನ್ಸುತ್ತೆ," ಎಂದರು ಕಾರ್ಯದರ್ಶಿಗಳು. ಅವರ ಬಳಿ ಒಂದು ಸೈಕಲ್ ಇತ್ತು. ತಕ್ಕಡಿ ಗಾಳಿ ಇಳಿಸಿದ. ಹಾಗೆಯೇ ಮುಂದಿನ ಚಕ್ರಗಳನ್ನು ಎರಡು ಬೆರಳು ಹೊರಕ್ಕೆ ಸರಿಸಿದ. ಹಾಗೆಯೇ ಸ್ಟೀರಿಂಗಿನ ಕಂಬಿಯನ್ನು ಅರ್ಧ ಸುತ್ತು ತಿರುಗಿಸಿದ. ಸೀಟಿನ ಆಧಾರದ ಒಂದು ನಟ್ಟು ಸಡಿಲಿಸಿದ, ಅದು ಬಹಳ ಬಿಗಿಯಾಗಿದೆ ಎಂದು ನಾನು ಹೇಳಿದ್ದೆ. ಯಾಕೆ ಹೇಳಿದೆನೋ ಗೊತ್ತಿಲ್ಲ, ಎಲ್ಲರೂ ಏನಾದರೂ ಹೇಳುತ್ತಿದ್ದರು.

"ಅಕ್ಕ ಉಸಿರು ಬಿಡ್ತಾ ತಿರುಗಿಸ್ಲಿ," ಎಂದರು ಟೀಚರು.

"ಒಂದ್ಸಲಕ್ಕೆ ಒಂದೇ ಅಂದಿದ್ದನಲ್ಲೋ ಅವನು," ಎಂದಳು ಅಕ್ಕ.

"ಒಂದೇ ಸಲಾನೇ ಅಕ್ಕಾ ಮಾಡ್ತಿರೋದು," ಎಂದ ತಕ್ಕಡಿ.

ಹನ್ನೊಂದು ಗಂಟೆಯ ಹೊತ್ತಿಗೆ ಕಾರ್ಟ್ ಎಡಕ್ಕೂ ತಿರುಗುತ್ತಿರಲಿಲ್ಲ, ಬಲಕ್ಕೂ ಮನಸ್ಸಿದ್ದಾಗ ಮಾತ್ರ ತಿರುಗುತ್ತಿತ್ತು. ಹನ್ನೆರಡಕ್ಕೆ ನೇರ ದಾರಿಯಲ್ಲೇ ಗಿರ್ರನೆ ಸುತ್ತಿ ಬಂದ ದಿಕ್ಕಿಗೆ ಮುಖಮಾಡಿ ನಿಂತಿತು. ಅಕ್ಕ ಇಳಿದು ಬಂದು ಟೈರುಗಳ ರಾಶಿಯ ಮೇಲೆ ಕೂತಳು. ಬೈಯಲಿಲ್ಲ. ಕೈಗವಸನ್ನು ಬೆರಳು ಬೆರಳಾಗಿ ಎಳೆದು ತೆಗೆದು ಮಡಿಸಿ ಮಂಡಿಯ ಮೇಲಿಟ್ಟುಕೊಂಡಳು.

"ಸೋಮವಾರ ಏಳೂವರೆಗೆ ವ್ಯಾನ್ ತೆಗೀಬೇಕು," ಎಂದಳು. ಯಾರಿಗೂ ಹೇಳಿದ್ದಲ್ಲ. ತಕ್ಕಡಿ ಸ್ಪ್ಯಾನರ್ ಕೆಳಗಿಟ್ಟ. ಅವನ ಮುಖ ನೋಡಿ ನನಗೆ ಮೊದಲ ಸಲ ಪಾಪ ಅನ್ನಿಸಿತು.

ಸಂಜೆ ಮೆಕ್ಯಾನಿಕ್ ಬಂದ, ಕೈಯನ್ನು ಕೊರಳಿಗೆ ಕಟ್ಟಿಕೊಂಡು. ಅಂಗಳದಲ್ಲಿ ಕಾರ್ಟನ್ನು ಒಂದು ಸುತ್ತು ಹಾಕಿದ. ಬಟ್ಟುಗಳ ಹತ್ತಿರ ನಿಂತ.

"ಇದೇನು?"

"ಆರು ಕಿಲೋ ಕಮ್ಮಿ ಇತ್ತು. ಅದಕ್ಕೆ," ಎಂದ ತಕ್ಕಡಿ.

"ಇದು ಎಂಥ ಕಬ್ಬಿಣ?"

"ಸರಕಾರಿ ಬಟ್ಟು. ಒಂದು ಗ್ರಾಂ ಆಚೀಚೆ ಇಲ್ಲ."

ಮೆಕ್ಯಾನಿಕ್ ಬಟ್ಟುಗಳನ್ನು ನೋಡಿದ, ಗೋಡೆಗೆ ಒರಗಿಸಿಟ್ಟಿದ್ದ ನಾಲ್ಕು ಯಂತ್ರಗಳನ್ನು ನೋಡಿದ, ಕೊನೆಗೆ ತಕ್ಕಡಿಯನ್ನು ನೋಡಿದ.

"ಸಾರ್, ತಪ್ಪು ತಿಳೀಬೇಡಿ. ಇವನ್ನ ಸೀಟಿಗೆ ಕಟ್ಟೋ ಮುಂಚೆ ಒಂದ್ಸಲ ಆ ಯಂತ್ರಗಳ ಮೇಲೆ ಇಟ್ಟು ನೋಡಿದ್ರಾ?"

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಎಂಬ ಗಾದೆ ಅಂಗಳದಲ್ಲಿದ್ದ ಎಲ್ಲರಿಗೂ ಒಟ್ಟಿಗೆ ನೆನಪಾಗಿರಬೇಕು.

ಬಟ್ಟುಗಳನ್ನು ಬಿಚ್ಚಿದರು. ಮೂರನ್ನೂ ನನ್ನ ಯಂತ್ರದ ಮೇಲಿಟ್ಟರು, ಆರು. ಕಾರ್ಯದರ್ಶಿಗಳದರ ಮೇಲೆ, ಆರು. ತಕ್ಕಡಿಯ ಮನೆಯದರ ಮೇಲೆ, ಆರು. ಟೀಚರ ಯಂತ್ರದ ಮೇಲಿಟ್ಟಾಗ ಮುಳ್ಳು ಎಲ್ಲಿಯೂ ಕಾಣಲಿಲ್ಲ. ಅದು ಸೀಲಿನ ಚೀಟಿಯ ಕೆಳಗೆ ಇತ್ತು. ಮೆಕ್ಯಾನಿಕ್ ಉಗುರಿನಿಂದ ಚೀಟಿ ಕೀಳಲು ಹೋದ.

"ಸರಕಾರಿ ಸೀಲು, ಮುಟ್ಬಾರ್ದು," ಎಂದ ತಕ್ಕಡಿ. ಧ್ವನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ. ಕೊನೆಗೆ ಅವನೇ ಕುಕ್ಕುರುಗಾಲಲ್ಲಿ ಕೂತು ಚೀಟಿಯನ್ನು ಮೆಲ್ಲಗೆ ಸುಲಿದ.

ಆರು ಕಿಲೋ ಕಬ್ಬಿಣ ಹೊತ್ತುಕೊಂಡ ಯಂತ್ರ ಸೊನ್ನೆಯಲ್ಲಿ ನಿಂತಿತ್ತು. ಬಟ್ಟುಗಳನ್ನು ಎತ್ತಿದಾಗ ಮುಳ್ಳು ಸೊನ್ನೆಗಿಂತ ಆರು ಗೆರೆ ಹಿಂದಕ್ಕೆ ಸರಿಯಿತು.

ಅಂಗಳದಲ್ಲಿ ಸೇರಿದ್ದವರಲ್ಲಿ ಬಹುತೇಕ ಕ್ಲಾಸಿನವರೇ. ಎಲ್ಲರೂ ಟೀಚರ ಕಡೆ ತಿರುಗಿದರು. ಯಂತ್ರದ ಹಿಂಬದಿಯಲ್ಲಿ ಒಂದು ಸಣ್ಣ ಗಾಲಿ ಇರುತ್ತದೆ, ಅದನ್ನು ತಿರುಗಿಸಿದರೆ ಮುಳ್ಳು ಸರಿಯುತ್ತದೆ. ಟೀಚರು ಭಾನುವಾರ ಭಾನುವಾರ ಅದನ್ನು ಅರ್ಧ ಗೆರೆ ತಿರುಗಿಸಿದ್ದರು. ಒಪ್ಪಿಕೊಳ್ಳಲು ಅವರು ಹಿಂದೆಮುಂದೆ ನೋಡಲಿಲ್ಲ.

"ಯಂತ್ರ ತಪ್ಪಲ್ಲ. ಸ್ವಲ್ಪ ಮುಂದಿದೆ, ಅಷ್ಟೇ. ನೀವೆಲ್ಲ ಇಳೀಬೇಕಾದ ತೂಕಕ್ಕೆ ಅದು ಮೊದಲೇ ಹೋಗಿ ಕಾಯ್ತಾ ಇದೆ. ಜನರಿಗೆ ಉತ್ಸಾಹ ಬೇಡ್ವಾ?"

ಇದು ಅಳಿಯ ಅಲ್ಲ, ಮಗಳ ಗಂಡ ಎಂದ ಹಾಗಾಯಿತು. ಆದರೂ ವಾದಕ್ಕೆ ನಿಲ್ಲುವ ಧೈರ್ಯ ಯಾರಿಗೂ ಬರಲಿಲ್ಲ, ಟೀಚರ ಎದುರು ನಿಂತರೆ ಮತ್ತೊಮ್ಮೆ ಯಂತ್ರ ಹತ್ತಬೇಕಾದೀತು.

"ನನ್ನ ಹಳೇ ಪ್ಯಾಂಟುಗಳು," ಎಂದರು ಕಾರ್ಯದರ್ಶಿಗಳು. ವಾಕ್ಯ ಪೂರ್ತಿ ಮಾಡಲಿಲ್ಲ.

"ದರ್ಜಿಗೆ ಏನು ಹೇಳೋದು?" ಎಂದು ನಾನು ಕೇಳಿದೆ. ಕಳೆದ ವಾರವಷ್ಟೇ ಅವನಿಗೆ ಕನ್ನಡಕ ಹಾಕಿಸಿಕೊಳ್ಳಲು ಸಲಹೆ ಕೊಟ್ಟು ಬಂದಿದ್ದೆ.

ತಕ್ಕಡಿಯ ಹೆಂಡತಿ ಮೇಲಿನಿಂದ ಇಣುಕಿ ನೋಡುತ್ತಿದ್ದಳು. "ನಮ್ಮನೆ ಯಂತ್ರ ಸರಿಯಾಗಿದೆ ಅಂತ ನನಗೆ ಮೊದಲೇ ಗೊತ್ತಿತ್ತು. ಅದರಲ್ಲಿ ಯಾರೂ ಯಾವತ್ತೂ ಇಳಿದೇ ಇಲ್ಲ," ಎಂದಳು. ಆ ವಾರ ಅವಳು ನನಗೆ ಕೇಳುವಂತೆ ಆಡಿದ ಮಾತು ಅದೊಂದೇ.

ಅಕ್ಕನ ಕಾರ್ಟಿಗೆ ಬೇಕಾದ ತೂಕ ಮೊದಲಿನಿಂದಲೂ ಇತ್ತು, ನೂರಾ ಎಪ್ಪತ್ತಾರು. ಮೆಕ್ಯಾನಿಕ್ ಒಂದು ಕೈಯಿಂದ ತೋರಿಸುತ್ತ ಹೋದ, ತಕ್ಕಡಿ ಎರಡು ಕೈಯಿಂದ ಮಾಡುತ್ತ ಹೋದ. ಒಂದು ಬದಲಾವಣೆ, ಒಂದು ಸಾಲು ಬರಹ. ಚಕ್ರ ಒಳಕ್ಕೆ, ನಟ್ಟು ಬಿಗಿ, ಕಂಬಿ ಅರ್ಧ ಸುತ್ತು ವಾಪಸ್ಸು, ಗಾಳಿ ಮೊದಲಿನಷ್ಟು. ಕೊನೆಗೆ ಮುಂದಿನ ಟೈರುಗಳಿಗೆ ಮಾತ್ರ ತುಸು ಗಾಳಿ ಬದಲಿಸಿದರು. ಮುಂದಿನ ಚಕ್ರ ಜಾರುವುದಕ್ಕೆ ಬುಧವಾರವೇ ಬೇಕಾಗಿದ್ದದ್ದು ಅಷ್ಟೇ.

"ಪೆಟ್ರೋಲು ಉರಿದ ಮೇಲೆ ಮುನ್ನೂರು ಗ್ರಾಂ ಮಾತ್ರ ಜಾಸ್ತಿ ಉಳಿಯುತ್ತೆ ಅಕ್ಕಾ. ಒಂದು ಕಿಲೋ ಕಟ್ಟೋಣ್ವಾ?" ಎಂದ ಮೆಕ್ಯಾನಿಕ್.

"ಇನ್ನು ಒಂದು ಗ್ರಾಂ ಕಟ್ಟಿದ್ರೂ ನಾನು ಓಡ್ಸಲ್ಲ," ಎಂದಳು ಅಕ್ಕ. ಮೂರು ಬಟ್ಟುಗಳನ್ನು ಅವಳೇ ಒಂದು ಚೀಲಕ್ಕೆ ಹಾಕಿ ವ್ಯಾನಿನ ಹಿಂದಿನ ಸೀಟಿನಡಿ ತಳ್ಳಿದಳು, ಸೋಮವಾರ ತಮ್ಮನ ಕಚೇರಿಗೆ ಮುಟ್ಟಿಸಲು.

ಭಾನುವಾರ ಸಾಹೇಬರು ಕಪ್ಪು ಕನ್ನಡಕ, ಬಿಳಿ ಟೋಪಿ ಹಾಕಿಕೊಂಡು ಸಂಸಾರ ಸಮೇತ ಬಂದಿದ್ದರು. ತಕ್ಕಡಿ ಅವರ ಪಕ್ಕದಲ್ಲಿ ನಿಂತಿದ್ದ, ಏನನ್ನೂ ವಿವರಿಸದೆ. ಅದು ಅವನಿಗೆ ಹೊಸದು.

ಹದಿನೆಂಟು ಸುತ್ತಿನ ಪಂದ್ಯ. ಅಕ್ಕ ಒಂಬತ್ತನೆಯವಳಾಗಿ ಹೊರಟು ಐದನೇ ಸುತ್ತಿಗೆ ಆರನೆಯವಳಾದಳು. ಎಡ ತಿರುವುಗಳಲ್ಲೇ ಅವಳು ಒಬ್ಬೊಬ್ಬರನ್ನು ಹಿಂದೆ ಹಾಕುತ್ತಿದ್ದಳು. ಒಳಗಿನ ಚಕ್ರ ಕೂದಲೆಳೆಯಷ್ಟು ಎದ್ದು ಇಳಿಯುವುದು ನನ್ನ ಕಣ್ಣಿಗೂ ಕಂಡಿತು. ಕೊನೆಯ ಸುತ್ತಿನಲ್ಲಿ ನಾಲ್ಕನೆಯವಳಾಗಿದ್ದಳು. ಕೊನೆಯ ತಿರುವು ಎಡಕ್ಕಿತ್ತು. ಮುಂದಿದ್ದ ಕೆಂಪು ಹೆಲ್ಮೆಟ್ಟಿನವನು ಸ್ವಲ್ಪ ಹೊರಗೆ ಹೋದ, ಅಕ್ಕ ಒಳಗಿನಿಂದ ತೂರಿ ಮೂರನೆಯವಳಾಗಿ ಗೆರೆ ದಾಟಿದಳು. ಕಾರ್ಯದರ್ಶಿಗಳು ಎದ್ದು ಕುಣಿದರು, ಪ್ಯಾಂಟು ಎಲ್ಲಿಯೋ ಚರ್ರೆಂದಿತು, ಕೂತರು.

ಪಂದ್ಯ ಮುಗಿದ ಮೇಲೆ ಮೊದಲ ಮೂವರು ಬಂಡಿ ಸಮೇತ ತೂಕದ ಹಲಗೆ ಹತ್ತಬೇಕು. ಮೊದಲನೆಯವನು ನೂರಾ ಎಪ್ಪತ್ತೊಂಬತ್ತು. ಎರಡನೆಯವನು ನೂರಾ ಎಪ್ಪತ್ತೆಂಟು. ಅಕ್ಕ ಹತ್ತಿದಳು. ತೂಕ ನೋಡುವವನು ಬಗ್ಗಿ ಅಂಕಿ ಓದಿದ.

"ನೂರಾ ಎಪ್ಪತ್ನಾಲ್ಕು ಪಾಯಿಂಟ್ ಮೂರು. ಏಳುನೂರು ಗ್ರಾಂ ಕಮ್ಮಿ. ಕ್ಷಮಿಸಿ ಮೇಡಂ, ಲೆಕ್ಕಕ್ಕಿಲ್ಲ."

ಮೆಕ್ಯಾನಿಕ್ ಕಾಗದ ತೆಗೆದು ಕೂಡಿದ, ಮತ್ತೆ ಕೂಡಿದ. ಒಂದು ಕಿಲೋದ ವ್ಯತ್ಯಾಸ. ಅಕ್ಕ ಬಂಡಿಯಲ್ಲೇ ಕೂತಿದ್ದಳು, ಎರಡೂ ಕೈ ಸ್ಟೀರಿಂಗಿನ ಮೇಲೆ.

"ಯಂತ್ರ ತಪ್ಪಿರಬಹುದು," ಎಂದ ತಕ್ಕಡಿ.

ತೂಕ ನೋಡುವವನು ಯಂತ್ರದ ಕಂಬದ ಮೇಲೆ ಬೆರಳಿಟ್ಟು ತೋರಿಸಿದ. ಅಲ್ಲಿ ಹೊಳೆಯುವ ಒಂದು ಚೀಟಿ, ಮೂಲೆಯಲ್ಲಿ ತಕ್ಕಡಿಯ ಚಿಕ್ಕ ರುಜು.

"ಇದಕ್ಕೆ ತೂಕದ ಕಚೇರಿ ಸೀಲಿದೆ ಸಾರ್. ಸೀಲ್ ಸುಳ್ಳು ಹೇಳುತ್ತಾ?"

ಸಾಹೇಬರು ಸಂತೋಷದಿಂದ ತಲೆಯಾಡಿಸಿದರು. ಸುತ್ತಲಿನವರಿಗೆ, ಇವರು ನಮ್ಮ ಇಲಾಖೆಯವರೇ ಎಂದು ಹೇಳಿ ತಕ್ಕಡಿಯ ಹೆಗಲ ಮೇಲೆ ಕೈ ಇಟ್ಟರು.

ತಕ್ಕಡಿ ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿದ್ದು ಇಪ್ಪತ್ತೆರಡು ವರ್ಷ ಕಳೆದವನಿಗೆ ಇನ್ನೊಂದು ನಿಮಿಷ ಕಷ್ಟವಲ್ಲ. ಅವನು ಅಕ್ಕನ ಕಡೆ ನೋಡಿದ. ಅವಳು ಕೈಗವಸನ್ನು ಬೆರಳು ಬೆರಳಾಗಿ ಎಳೆಯಲು ಶುರುಮಾಡಿದ್ದಳು.

"ಸೀಲು ನಂದೇ," ಎಂದ ತಕ್ಕಡಿ. "ಯಂತ್ರ ಮಾತ್ರ ನಾನು ನೋಡಿಲ್ಲ."

ಸಾಹೇಬರ ಕೈ ಹೆಗಲಿನಿಂದ ಇಳಿಯಿತು. "ನೋಡದೆ ಹೇಗ್ರೀ ಹಾಕಿದ್ರಿ?"

"ಅರ್ಜಿಯ ಅಕ್ಷರ ದುಂಡಗಿತ್ತು ಸಾರ್."

"ಈ ಒಂದಕ್ಕಾ?"

"ಎಲ್ಲಕ್ಕೂ ಸಾರ್. ಇಪ್ಪತ್ತೆರಡು ವರ್ಷ." ಒಮ್ಮೆ ಶುರುವಾದ ಮೇಲೆ ಅವನಿಗೆ ನಿಲ್ಲಿಸಲಾಗಲಿಲ್ಲ. "ಬಟ್ಟು ತರ್ತೀನಿ, ಇಟ್ಟು ನೋಡೋಣ. ತಪ್ಪಿಲ್ಲದಿದ್ರೆ ನಮ್ಮಕ್ಕ ಹೊರಗೆ ಹೋಗ್ಲಿ."

ಅವನು ವ್ಯಾನಿನ ಕಡೆ ಓಡಿದ. ಅವನು ಓಡಿದ್ದನ್ನು ನಾವು ಯಾರೂ ಅದಕ್ಕೆ ಮುಂಚೆ ನೋಡಿರಲಿಲ್ಲ. ಬಂಡಿ ಇಳಿಸಿದ ಹಲಗೆಯ ಮೇಲೆ ಮೂರು ಬಟ್ಟು ಇಟ್ಟ. ಅಂಕಿ ಐದು ಎಂದು ತೋರಿಸಿತು. ಆಮೇಲೆ ನಿಯಮದ ಪುಸ್ತಕದಲ್ಲಿದ್ದು ಅವನು ಒಮ್ಮೆಯೂ ಮಾಡಿರದ ಕೆಲಸ ಮಾಡಿದ. ನೆಲಕ್ಕೆ ಮಲಗಿ ಹಲಗೆಯ ಅಡಿಗೆ ಕೈ ಹಾಕಿದ. ಒಂದು ಅಂಗೈಯಷ್ಟು ಹಳೆಯ ಟೈರಿನ ತುಂಡು ಹೊರಬಂತು. ಹಲಗೆಗೂ ಚೌಕಟ್ಟಿಗೂ ನಡುವೆ ಸಿಕ್ಕಿಕೊಂಡು ಅದು ಎಲ್ಲರ ಭಾರದಲ್ಲೂ ಒಂದು ಕಿಲೋ ತಾನೇ ಹೊರುತ್ತಿತ್ತು. ಮತ್ತೆ ಬಟ್ಟು ಇಟ್ಟ. ಆರು.

ಅಕ್ಕ ಮತ್ತೆ ಹತ್ತಿದಳು. ನೂರಾ ಎಪ್ಪತ್ತೈದು ಪಾಯಿಂಟ್ ಮೂರು. ಟ್ರ್ಯಾಕಿನ ಯಜಮಾನರು ಬಂದು ಅವಳ ಕೈ ಕುಲುಕಿ, ಯಾವಾಗಿಂದ ಬರುತ್ತೀರಿ ಎಂದು ಕೇಳಿದರು. ಅಕ್ಕ ಅವರಿಗೆ ಉತ್ತರ ಕೊಡುವ ಮೊದಲು ತಮ್ಮನನ್ನು ನೋಡಿದಳು. ಅವನ ಅಂಗಿಯ ಮುಂಭಾಗವೆಲ್ಲ ಗ್ರೀಸು.

"ಲೋ, ಎದ್ದೇಳು. ಅಂಗಿ ಹಾಳಾಯ್ತು," ಎಂದಳು.

ಸಾಹೇಬರು ಒಂದು ಬಟ್ಟನ್ನು ಎತ್ತಿ ತಿರುಗಿಸಿ ನೋಡಿದರು. "ಇದು ನಮ್ಮ ಬೀರುವಿನದಲ್ವೇನ್ರೀ? ಯಾರು ಕೊಟ್ರು?"

"ಶುಕ್ರವಾರ ನೀವೇ ಸಹಿ ಮಾಡಿದ್ರಿ ಸಾರ್. ನಲವತ್ತೊಂದರಲ್ಲಿ ಒಂದು."

ಸಾಹೇಬರು ಕಪ್ಪು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅವರು ಯೋಚಿಸುತ್ತಿದ್ದದ್ದು ನಮಗೆಲ್ಲ ಕಾಣುತ್ತಿತ್ತು. ನೋಡದೆ ಸೀಲು ಹಾಕಿದವನನ್ನು ಅಮಾನತು ಮಾಡಬಹುದು, ಆದರೆ ಓದದೆ ಸಹಿ ಹಾಕಿದವರ ಮಾತು ಅದೇ ಕಡತದಲ್ಲಿ ಬರುತ್ತದೆ.

"ನಾಳೆಯಿಂದ ನೀವು ಮೇಜಿನ ಹತ್ರ ಕೂರಬೇಡಿ," ಎಂದರು ಕೊನೆಗೆ. "ಬಟ್ಟಿನ ಪೆಟ್ಟಿಗೆ ತಗೊಳ್ಳಿ. ಮೊದಲನೇ ಕಡತದಿಂದ ಶುರುಮಾಡಿ."

ಪೆಟ್ಟಿಗೆಯ ತೂಕ ಇಪ್ಪತ್ತು ಕಿಲೋ. ಇಪ್ಪತ್ತೆರಡು ವರ್ಷದ ಸೀಲುಗಳು ಊರ ತುಂಬ ಇದ್ದವು, ಮಹಡಿಗಳ ಮೇಲೆ, ಗೋದಾಮುಗಳ ಹಿಂದೆ, ಬಸ್ಸು ಹೋಗದ ರಸ್ತೆಗಳ ಕೊನೆಯಲ್ಲಿ. ತಕ್ಕಡಿ ಬೆಳಿಗ್ಗೆ ಪೆಟ್ಟಿಗೆ ಹೊತ್ತು ಹೋದರೆ ಸಂಜೆ ಬರುತ್ತಿದ್ದ. ದುಂಡಗಿನ ಅಕ್ಷರದವರ ಯಂತ್ರಗಳಲ್ಲಿ ಮೂರಕ್ಕೊಂದು ತಪ್ಪಿದ್ದವಂತೆ. ಎರಡನೇ ತಿಂಗಳಿಗೆ ಅವನ ಬೆಲ್ಟಿಗೆ ಹೊಸ ತೂತು ಬಿತ್ತು.

ಮೂರು ತಿಂಗಳಾದ ಮೇಲೆ ಒಂದು ಸಂಜೆ ಅಂಗಳದಲ್ಲಿ ಮತ್ತೆ ನಾಲ್ಕು ಯಂತ್ರಗಳು ಸೇರಿದವು. ಟೀಚರೇ ಸೇರಿಸಿದ್ದು. ಕ್ಲಾಸಿಗೆ ಈಗ ಯಾರೂ ಬರುತ್ತಿರಲಿಲ್ಲ, ಯಂತ್ರ ಸರಿಮಾಡಿಸಿದ್ದೇನೆ ಎಂದು ಅವರಿಗೆ ತೋರಿಸಬೇಕಾಗಿತ್ತು. ಮೊದಲು ತಕ್ಕಡಿಯನ್ನು ಹತ್ತಿಸಿದರು. ನನ್ನ ಯಂತ್ರ, ಕಾರ್ಯದರ್ಶಿಗಳ ಯಂತ್ರ, ಅವನ ಮನೆಯ ಯಂತ್ರ, ಟೀಚರ ಯಂತ್ರ. ನಾಲ್ಕೂ ಒಂದೇ ಅಂಕಿ ಹೇಳಿದವು. ಮೊದಲಿಗಿಂತ ಆರು ಕಿಲೋ ಕಮ್ಮಿ. ಅವನ ಹೆಂಡತಿ ಮೇಲಿನಿಂದ ನೋಡಿ ಏನೋ ಹೇಳಲು ಬಾಯಿ ತೆರೆದು, ಬೇಡವೆಂದು ಸುಮ್ಮನಾದಳು.

"ಹಾಗಾದ್ರೆ ನನ್ನ ಯಂತ್ರಕ್ಕೆ ಸೀಲು ಹಾಕಿ," ಎಂದರು ಟೀಚರು.

ತಕ್ಕಡಿ ಪೆಟ್ಟಿಗೆ ತೆರೆದ. ಒಂದು ಕಿಲೋ ಇಟ್ಟು ನೋಡಿದ, ಐದು ಇಟ್ಟು ನೋಡಿದ, ಇಪ್ಪತ್ತು ಇಟ್ಟು ನೋಡಿದ. ಯಂತ್ರವನ್ನು ತಿರುವಿ ಕೆಳಗೆ ನೋಡಿದ. ಅರ್ಧ ಗಂಟೆ ಹಿಡಿಯಿತು. ಅಷ್ಟರಲ್ಲಿ ಅಕ್ಕ ಟ್ರ್ಯಾಕಿನಿಂದ ಬಂದು, ಮಕ್ಕಳು ಕೊಟ್ಟ ಹೊಸ ಟೋಪಿ ಹಾಕಿಕೊಂಡೇ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು. ಕೊನೆಗೆ ತಕ್ಕಡಿ ಚೀಟಿ ತೆಗೆದು, ಗಾಜಿನ ಮೇಲಲ್ಲ, ಯಂತ್ರದ ಹಿಂಬದಿಗೆ, ಆ ಸಣ್ಣ ಗಾಲಿಯ ಮೇಲೆಯೇ ಅಂಟಿಸಿ ಹೆಬ್ಬೆರಳಿನಿಂದ ಒತ್ತಿದ.

"ಈಗ ಸರಿಯಾಗಿದೆ. ಯಾರು ಹತ್ತುತ್ತೀರಿ?" ಎಂದು ಕೇಳಿದ.

ಅಂಗಳದಲ್ಲಿ ನಾವು ಹನ್ನೊಂದು ಜನ ಇದ್ದೆವು. ಕಾರ್ಯದರ್ಶಿಗಳಿಗೆ ಒಲೆಯ ಮೇಲೆ ಹಾಲು ಇಟ್ಟದ್ದು ನೆನಪಾಯಿತು. ಉಳಿದವರಿಗೂ ಏನೇನೋ ನೆನಪಾದವು. ನಾನು ಒಳಗೆ ಬಂದು ಕಿಟಕಿ ಹಾಕಿಕೊಂಡೆ.